ಕ್ಯಾಂಪರ್ ವ್ಯಾನಿನ ಫರ್ನೇಸ್‌ಗೆ ಅಗ್ಗದ ಥರ್ಮೋಸ್ಟಾಟ್: ಅಳೆಯುವುದರಿಂದ ಜೋಡಿಸುವವರೆಗೆ

ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನ್ ಕಟ್ಟಿಸಿಕೊಂಡು ಊಟಿ, ಸ್ಪಿತಿ, ಲಡಾಖ್ ಕಡೆಗೆ ಹೊರಡುವವರು ವ್ಯಾನಿನ ಒಳಗನ್ನು ಬೆಚ್ಚಗಿಡುವ ಫರ್ನೇಸ್‌ನ ಥರ್ಮೋಸ್ಟಾಟ್ ವಿಷಯದಲ್ಲಿ ಎಡವುವುದು ಬಹುಪಾಲು ಒಂದೇ ಕಾರಣಕ್ಕೆ: ಮೊದಲು ಕೊಳ್ಳುತ್ತಾರೆ, ಆಮೇಲೆ ಅಳೆಯುತ್ತಾರೆ. ಹೊರದೇಶದಿಂದ ತರಿಸಿದರೆ ಬಿಡಿಭಾಗದ ಬೆಲೆಗಿಂತ ಸಾಗಣೆ ಮತ್ತು ಸುಂಕವೇ ಹೆಚ್ಚಾಗುತ್ತದೆಂದು ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಎಸ್‌.ಪಿ. ರಸ್ತೆಗೆ ಹೋಗಿ, ಅಂಗಡಿಯವರು ಕೊಟ್ಟ ಯಾವುದೋ ಒಂದನ್ನು ತಂದು ಜೋಡಿಸುತ್ತಾರೆ. ಆಮೇಲೆ ಫರ್ನೇಸ್ ಹತ್ತಿಕೊಳ್ಳುವುದೇ ಇಲ್ಲ, ಇಲ್ಲವೇ ಹತ್ತಿದ್ದು ಆರುವುದೇ ಇಲ್ಲ.

ಆರ್‌ವಿಗಳಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ಇಂಥ ವಾಹನಗಳಲ್ಲಿ, ಬಳಸುವ ಸಾಮಾನ್ಯ ಗ್ಯಾಸ್ ಫರ್ನೇಸ್‌ಗೆ ಥರ್ಮೋಸ್ಟಾಟ್ ಎಂಬುದು ಎರಡು ತಂತಿಗಳನ್ನು ಕೂಡಿಸುವ ಮತ್ತು ಬಿಡಿಸುವ ಸ್ವಿಚ್ ಮಾತ್ರ. ಚಳಿಯಾದಾಗ ಕೂಡಿಸಬೇಕು, ಬೆಚ್ಚಗಾದಾಗ ಬಿಡಿಸಬೇಕು. ಇದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಆದರೆ ಆ ಸ್ವಿಚ್ ಯಾವ ಬಗೆಯದಾಗಿರಬೇಕು ಎಂಬುದನ್ನು ಪೇಟೆಗೆ ಹೋಗುವ ಮೊದಲೇ ತಿಳಿದಿರಬೇಕು. ಮುಂದಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಮೊದಲ ಮೂರು ಹಂತಗಳಿಗೆ ಖರ್ಚೇ ಇಲ್ಲ, ಮತ್ತು ಅನೇಕರ ತೊಂದರೆ ಅಲ್ಲಿಗೇ ಬಗೆಹರಿಯುತ್ತದೆ.

ಬೇಕಾಗುವ ಸಾಮಾನು

ಡಿಸಿ ಕರೆಂಟ್ ಅಳೆಯಬಲ್ಲ, 10 ಆಂಪಿಯರ್ ತೂತಿರುವ ಒಂದು ಸಾಧಾರಣ ಮಲ್ಟಿಮೀಟರ್, ತಂತಿ ಸುಲಿಯುವ ಇಕ್ಕಳ, ಸಣ್ಣ ಸ್ಕ್ರೂಡ್ರೈವರ್, ಒಂದು ಗೇಣು ಉದ್ದದ, ಎರಡೂ ತುದಿ ಸುಲಿದ ತಂತಿ, 1 ಆಂಪಿಯರ್ ಫ್ಯೂಸ್ ಮತ್ತು ಅದರ ಹೋಲ್ಡರ್, ಕ್ರಿಂಪ್ ಮಾಡುವ ಕನೆಕ್ಟರುಗಳು, ಹೀಟ್ ಶ್ರಿಂಕ್ ಸ್ಲೀವ್. ಇವುಗಳ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ವಾಹನದಲ್ಲಿ ಇರಲೇಬೇಕು. ಅದಿಲ್ಲದ ವ್ಯಾನಿನಲ್ಲಿ ಫರ್ನೇಸ್ ಹಚ್ಚಿ ಮಲಗುವ ಯೋಚನೆಯಿದ್ದರೆ, ಥರ್ಮೋಸ್ಟಾಟ್‌ಗೆ ಮೀಸಲಿಟ್ಟ ಹಣದಲ್ಲಿ ಮೊದಲು ಅಲಾರ್ಮ್ ಕೊಳ್ಳಿ.

ಹಂತ 1: ನಿಮ್ಮಲ್ಲಿರುವುದು ಯಾವ ಹೀಟರ್ ಎಂದು ಗುರುತಿಸಿ

ನಮ್ಮಲ್ಲಿ ಕಟ್ಟಿದ ಕ್ಯಾಂಪರ್‌ಗಳಲ್ಲಿ ಎರಡು ಬಗೆಯ ಹೀಟರುಗಳು ಕಾಣಸಿಗುತ್ತವೆ. ಒಂದು, ಸಬರ್ಬನ್, ಆಟ್‌ವುಡ್ ಮುಂತಾದ ಹೆಸರಿನಲ್ಲಿ ಬರುವ, ಎಲ್‌ಪಿಜಿ ಸುಡುವ, 12 ವೋಲ್ಟ್‌ನಲ್ಲಿ ನಡೆಯುವ ಫರ್ನೇಸ್. ಇನ್ನೊಂದು, ವಾಹನದ ಟ್ಯಾಂಕಿನಿಂದಲೋ ಬೇರೆ ಡಬ್ಬಿಯಿಂದಲೋ ಡೀಸೆಲ್ ಎಳೆದುಕೊಳ್ಳುವ ಪಾರ್ಕಿಂಗ್ ಹೀಟರ್. ಈ ಬರಹ ಮೊದಲನೆಯದಕ್ಕೆ ಸಂಬಂಧಿಸಿದ್ದು.

ಡೀಸೆಲ್ ಹೀಟರ್ ತನ್ನದೇ ಗೋಡೆಯ ನಿಯಂತ್ರಕದೊಂದಿಗೆ ಸಂಕೇತಗಳ ಮೂಲಕ ಮಾತನಾಡುತ್ತದೆ. ಎರಡು ತಂತಿ ಕೂಡಿಸುವ ಸರಳ ಸ್ವಿಚ್ಚಿಗೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಹಾಗೆಂದು ಅದರ ವಿದ್ಯುತ್ ಪೂರೈಕೆಯ ತಂತಿಯಲ್ಲೇ ಥರ್ಮೋಸ್ಟಾಟ್ ಕೂರಿಸುವವರಿದ್ದಾರೆ. ಇದನ್ನು ಎಂದಿಗೂ ಮಾಡಬೇಡಿ. ಡೀಸೆಲ್ ಹೀಟರನ್ನು ಆರಿಸಿದ ಮೇಲೂ ಅದರ ಫ್ಯಾನ್ ಕೆಲವು ನಿಮಿಷ ತಿರುಗಿ ದಹನಕೋಶವನ್ನು ತಂಪು ಮಾಡಬೇಕು. ನಡುವೆಯೇ ಕರೆಂಟ್ ಕಡಿದರೆ ಒಳಗಿನ ಭಾಗಗಳು ಸುಡುತ್ತವೆ, ಮಸಿ ಕಟ್ಟುತ್ತದೆ, ಹೊಗೆ ಸಿಕ್ಕಿದ ದಾರಿ ಹಿಡಿಯುತ್ತದೆ.

ಇದೇ ಹಂತದಲ್ಲಿ ವಾಹನದ ವೋಲ್ಟೇಜನ್ನೂ ನೋಡಿಕೊಳ್ಳಿ. ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್ ಗಾತ್ರದವು 12 ವೋಲ್ಟ್. ದೊಡ್ಡ ಬಸ್ ಚಾಸಿಯ ಮೇಲೆ ಕಟ್ಟಿದವು ಸಾಮಾನ್ಯವಾಗಿ 24 ವೋಲ್ಟ್. ಬಸ್ ಚಾಸಿಯಲ್ಲೂ ಹೌಸ್ ಬ್ಯಾಟರಿ, ಅಂದರೆ ಒಳಗಿನ ಉಪಕರಣಗಳಿಗೆ ಕರೆಂಟ್ ಕೊಡುವ ಬ್ಯಾಟರಿ, 12 ವೋಲ್ಟ್ ಆಗಿರಬಹುದು, ಆದ್ದರಿಂದ ಊಹಿಸದೆ ಮೀಟರ್ ಇಟ್ಟು ನೋಡಿ.

ಹಂತ 2: ಕೆಟ್ಟಿರುವುದು ಥರ್ಮೋಸ್ಟಾಟೇ ಹೌದೇ ಎಂದು ಪರೀಕ್ಷಿಸಿ

ಹಳೆಯ ಥರ್ಮೋಸ್ಟಾಟ್ ಬಿಚ್ಚಿ, ಫರ್ನೇಸ್‌ನಿಂದ ಬರುವ ಎರಡು ತಂತಿಗಳನ್ನು ಬೇರ್ಪಡಿಸಿ. ಸಬರ್ಬನ್ ಮತ್ತು ಆಟ್‌ವುಡ್ ಫರ್ನೇಸ್‌ಗಳ ಕಡೆಯಲ್ಲಿ ಈ ಜೋಡಿ ಸಾಮಾನ್ಯವಾಗಿ ನೀಲಿ ಬಣ್ಣದ್ದು. ವ್ಯಾನ್ ಕಟ್ಟಿದವರು ಗೋಡೆಯೊಳಗೆ ಬೇರೆ ಬಣ್ಣ ಎಳೆದಿರಬಹುದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಎರಡು ತುದಿಗಳ ನಡುವೆ ಅಳೆದರೆ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಕಾಣಬೇಕು. ಏನೂ ಕಾಣದಿದ್ದರೆ ತೊಂದರೆ ಫ್ಯೂಸ್, ಫರ್ನೇಸ್‌ನ ಸ್ವಿಚ್ ಅಥವಾ ವೈರಿಂಗ್‌ನಲ್ಲಿದೆ. ಹೊಸ ಥರ್ಮೋಸ್ಟಾಟ್ ಅದನ್ನು ಸರಿಪಡಿಸಲಾರದು.

ವೋಲ್ಟೇಜ್ ಇದ್ದರೆ ಗ್ಯಾಸ್ ತೆರೆದು, ಕಿಟಕಿ ಬಾಗಿಲು ತೆಗೆದಿಟ್ಟು, ಆ ಎರಡು ತುದಿಗಳನ್ನು ಗೇಣುದ್ದದ ತಂತಿಯಿಂದ ಕೂಡಿಸಿ. ಯಾವ ತುದಿಯೂ ವ್ಯಾನಿನ ಲೋಹದ ಮೈಗೆ ತಾಗಬಾರದು, ತಾಗಿದರೆ ಫ್ಯೂಸ್ ಹೋಗುತ್ತದೆ. ಗ್ಯಾಸ್ ವಾಸನೆ ಮೊದಲೇ ಬರುತ್ತಿದ್ದರೆ ಈ ಪರೀಕ್ಷೆಗೆ ಕೈಹಾಕಲೇಬೇಡಿ.

ಸರಿಯಾದ ಫರ್ನೇಸ್‌ನಲ್ಲಿ ನಡೆಯುವ ಕ್ರಮ ಹೀಗಿರುತ್ತದೆ: ಮೊದಲು ಫ್ಯಾನ್ ತಿರುಗುತ್ತದೆ, ಗಾಳಿಯ ಒತ್ತಡಕ್ಕೆ ಸೇಲ್ ಸ್ವಿಚ್ ಎಂಬ ತಗಡಿನ ರೆಕ್ಕೆ ಸರಿದು ಸಂಪರ್ಕ ಕೊಡುತ್ತದೆ, ತುಸು ಹೊತ್ತಿನ ಬಳಿಕ ಗ್ಯಾಸ್ ವಾಲ್ವ್ ತೆರೆದು ಕಿಡಿ ಹಾರುತ್ತದೆ, ಆಮೇಲೆ ಬಿಸಿ ಗಾಳಿ ಬರುತ್ತದೆ. ತಂತಿ ಕೂಡಿಸಿದಾಗ ಇಷ್ಟೂ ನಡೆದರೆ ಥರ್ಮೋಸ್ಟಾಟ್ ಅಥವಾ ಅದರ ಜೋಡಣೆ ಕೆಟ್ಟಿದೆ ಎಂದರ್ಥ. ಫ್ಯಾನ್ ಮಾತ್ರ ತಿರುಗಿ ಉರಿ ಹತ್ತದಿದ್ದರೆ ಥರ್ಮೋಸ್ಟಾಟ್ ನಿರಪರಾಧಿ. ಆಗ ಎರಡು ಕಾರಣಗಳನ್ನು ಮೊದಲು ನೋಡಿ.

ಒಂದು, ಬ್ಯಾಟರಿ. ಫ್ಯಾನ್ ತಿರುಗುತ್ತಿರುವಾಗ ವೋಲ್ಟೇಜ್ ಸುಮಾರು 10.5ಕ್ಕಿಂತ ಕೆಳಗಿಳಿದರೆ ಫ್ಯಾನಿನ ವೇಗ ಸಾಲದೆ ಸೇಲ್ ಸ್ವಿಚ್ ಕೂಡಿಕೊಳ್ಳುವುದಿಲ್ಲ. ಎರಡು, ಗ್ಯಾಸ್. ನಮ್ಮಲ್ಲಿ ಸಿಗುವ ಎಲ್‌ಪಿಜಿಯಲ್ಲಿ ಪ್ರೋಪೇನ್ ಜೊತೆಗೆ ಬ್ಯೂಟೇನ್ ಗಣನೀಯವಾಗಿ ಬೆರೆತಿರುತ್ತದೆ. ಪ್ರೋಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಬ್ಯೂಟೇನ್ ಮಾತ್ರ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ದ್ರವವಾಗಿಯೇ ಕೂರುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ಉರಿದ ಫರ್ನೇಸ್ ಲಡಾಖ್‌ನಲ್ಲಿ ಬೆಳಗಿನ ಜಾವ ಮುಷ್ಕರ ಹೂಡುವುದು ಬಹಳ ಸಲ ಇದರಿಂದಲೇ, ಮತ್ತು ಬೈಗುಳ ಬೀಳುವುದು ಥರ್ಮೋಸ್ಟಾಟ್‌ಗೆ.

ಪರೀಕ್ಷೆ ಮುಗಿದ ಕೂಡಲೇ ತಂತಿ ತೆಗೆಯಿರಿ. ಉರಿ ಆರಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುವುದು ಸಹಜ. ಅದನ್ನು ದೋಷವೆಂದುಕೊಂಡು ಮುಖ್ಯ ಸ್ವಿಚ್ ಆರಿಸಬೇಡಿ.

ಹಂತ 3: ತಂತಿಗಳ ಸಂಖ್ಯೆ ಮತ್ತು ಕರೆಂಟ್ ಬರೆದಿಟ್ಟುಕೊಳ್ಳಿ

ಹಳೆಯ ಥರ್ಮೋಸ್ಟಾಟ್‌ಗೆ ಎರಡೇ ತಂತಿ ಬರುತ್ತಿದ್ದರೆ ಕೆಲಸ ಸುಲಭ. ಫರ್ನೇಸ್ ಮತ್ತು ಚಾವಣಿಯ ಎಸಿ ಎರಡನ್ನೂ ಒಂದೇ ಡಿಜಿಟಲ್ ಫಲಕ ಆಳುತ್ತಿದ್ದು, ಅದಕ್ಕೆ ಟೆಲಿಫೋನ್ ಕೇಬಲ್‌ನಂಥದ್ದು ಬರುತ್ತಿದ್ದರೆ, ಫಲಕವನ್ನು ಕಿತ್ತು ಅಗ್ಗದ ಥರ್ಮೋಸ್ಟಾಟ್ ಹಾಕಲಾಗದು. ಅಂಥ ವಾಹನದಲ್ಲಿ ಎಸಿಯನ್ನು ಫಲಕಕ್ಕೇ ಬಿಟ್ಟು, ಫರ್ನೇಸ್‌ನ ಎರಡು ತಂತಿಗಳನ್ನು ಮಾತ್ರ ಹಿಂಬದಿಯಿಂದ ಬೇರ್ಪಡಿಸಿ ಹೊಸ ಥರ್ಮೋಸ್ಟಾಟ್‌ಗೆ ಎಳೆಯುವುದು ಸಾಧ್ಯವಿದೆ. ಅದಕ್ಕೆ ವಾಹನದ ವೈರಿಂಗ್ ನಕ್ಷೆ ಕೈಯಲ್ಲಿರಬೇಕು.

ಮುಂದೆ, ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಹಂತ 2ರಲ್ಲಿ ಗೇಣುದ್ದದ ತಂತಿ ಇದ್ದ ಜಾಗದಲ್ಲಿ ಮೀಟರನ್ನೇ ಇಡಿ. ಫರ್ನೇಸ್ ನಡೆಯುತ್ತಿರುವಾಗ ಕಾಣುವ ಅಂಕಿಯೇ ಥರ್ಮೋಸ್ಟಾಟ್ ಹೊರಬೇಕಾದ ಕರೆಂಟ್. ಸರ್ಕ್ಯೂಟ್ ಬೋರ್ಡ್ ಇರುವ ಫರ್ನೇಸ್‌ಗಳಲ್ಲಿ ಇದು ಸಾಮಾನ್ಯವಾಗಿ 1 ಆಂಪಿಯರ್‌ಗಿಂತ ಕಡಿಮೆ. ಟೈಮ್ ಡಿಲೇ ರಿಲೇ (ಕರೆಂಟಿನಿಂದ ನಡೆಯುವ, ತುಸು ತಡವಾಗಿ ಕೂಡುವ ಸ್ವಿಚ್) ಇರುವ ಹಳೆಯವುಗಳಲ್ಲಿ ತುಸು ಹೆಚ್ಚು. 2 ಆಂಪಿಯರ್ ಮೀರಿದರೆ ನಡುವೆ ವಾಹನದ 12 ವೋಲ್ಟ್ ರಿಲೇ ಒಂದನ್ನು ಹಾಕಿಕೊಳ್ಳಿ, ಜೆ.ಸಿ. ರಸ್ತೆಯ ಯಾವುದೇ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅಳೆದಾದ ಮೇಲೆ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ಹಿಂದಿರುಗಿಸುವುದನ್ನು ಮರೆತವರ ಮೀಟರೋ ಅದರ ಫ್ಯೂಸೋ ಮುಂದಿನ ಸಲ ಹೋಗಬಹುದು.

ಹಂತ 4: ಬಗೆಯನ್ನು ತೀರ್ಮಾನಿಸಿ

ಸೋಲುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ. ನಿಮಗೆ ಬೇಕಾದದ್ದು ಮೂರು ಗುಣಗಳಿರುವ ಸ್ವಿಚ್: ಅದು ಉಷ್ಣತೆ ಇಳಿದಾಗ ಕೂಡಬೇಕು, 10ರಿಂದ 30 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕು, ತನ್ನಿಂದ ಯಾವ ವೋಲ್ಟೇಜನ್ನೂ ಹೊರಗೆ ಕಳಿಸದೆ, ಬರಿದೇ ಎರಡು ಬಿಂದುಗಳನ್ನು ಕೂಡಿಸಬೇಕು.

ಫ್ರಿಜ್ ರಿಪೇರಿ ಅಂಗಡಿಯಲ್ಲಿ ಸಿಗುವ, ಸಣ್ಣ ತಾಮ್ರದ ಕೊಳವೆಯಿರುವ ಥರ್ಮೋಸ್ಟಾಟ್ ಬಲು ಅಗ್ಗ, ಆದ್ದರಿಂದಲೇ ಅನೇಕರು ಅದನ್ನೇ ತರುತ್ತಾರೆ. ಅದು ಕೆಲಸ ಮಾಡುವುದು ತಲೆಕೆಳಗಾಗಿ: ಬಿಸಿಯಾದಾಗ ಕೂಡಿಸಿ ಕಂಪ್ರೆಸರ್ ಓಡಿಸುವುದು ಅದರ ಕೆಲಸ. ವಿಂಡೋ ಎಸಿಯ ಥರ್ಮೋಸ್ಟಾಟ್ ಕೂಡ ಹಾಗೆಯೇ. ಇವನ್ನು ಫರ್ನೇಸ್‌ಗೆ ಹಾಕಿದರೆ ವ್ಯಾನ್ ಬಿಸಿಯಾದಷ್ಟೂ ಫರ್ನೇಸ್ ಉರಿಯುತ್ತಲೇ ಇರುತ್ತದೆ. ಗೀಸರ್ ಥರ್ಮೋಸ್ಟಾಟ್‌ನ ದಿಕ್ಕು ಸರಿಯಿದೆ, ಆದರೆ ಅದು ನೀರಿನ ಬಿಸಿಗೆ ಮಾಡಿದ್ದು. ಕೋಣೆಯ ಉಷ್ಣತೆಯಲ್ಲಿ ಅದು ಸದಾ ಕೂಡಿಕೊಂಡೇ ಇರುತ್ತದೆ. ‘ಎಲ್ಲಾ ಒಂದೇ ಸಾರ್, ಹಾಕ್ಕೊಳ್ಳಿ’ ಎಂಬ ಮಾತು ಕೌಂಟರಿನ ಆಚೆಯಿಂದ ಬಂದೇ ಬರುತ್ತದೆ, ಎಲ್ಲವೂ ಒಂದಲ್ಲ.

ಅಮೆರಿಕದ ಮನೆಗಳಿಗೆ ಮಾಡಿದ ಥರ್ಮೋಸ್ಟಾಟ್ ಯಾರಾದರೂ ನೆಂಟರು ತಂದುಕೊಟ್ಟದ್ದಿದ್ದರೆ ಅದೂ ನಡೆಯಬಹುದು. ಅವು 24 ವೋಲ್ಟ್ ಎಸಿ ಕರೆಂಟಿಗೆ ಮಾಡಿದವು, ಆದರೆ ಡಯಲ್ ತಿರುಗಿಸುವ ಯಾಂತ್ರಿಕ ಬಗೆಯವು ಮತ್ತು ಸ್ವಂತ ಸೆಲ್‌ಗಳಿಂದ ನಡೆಯುವ ಡಿಜಿಟಲ್ ಬಗೆಯವು 12 ವೋಲ್ಟ್ ಡಿಸಿಯಲ್ಲೂ ಸರಿಯಾಗಿ ಸ್ವಿಚ್ ಮಾಡುತ್ತವೆ. ಅದರಲ್ಲಿ ಆರ್ ಮತ್ತು ಡಬ್ಲ್ಯೂ ಎಂಬ ಬಿಂದುಗಳಿಗೆ ನಿಮ್ಮ ಎರಡು ತಂತಿಗಳು ಹೋಗಬೇಕು. ವೈಫೈ ಇರುವವುಗಳನ್ನು ಬಿಟ್ಟುಬಿಡಿ. ಸೆಲ್ ಇಲ್ಲದ ಇಂಥವು ಆ ಎರಡು ತಂತಿಗಳಿಂದಲೇ ತಮ್ಮ ಹೊಟ್ಟೆಗೂ ಕರೆಂಟ್ ಕದಿಯುತ್ತವೆ. ಸ್ವಿಚ್ ಕೂಡಿದ ಕ್ಷಣ ಆ ತಂತಿಗಳ ನಡುವಿನ ವೋಲ್ಟೇಜ್ ಸೊನ್ನೆಯಾಗುವುದರಿಂದ ಥರ್ಮೋಸ್ಟಾಟ್ ಕಣ್ಣುಮುಚ್ಚುತ್ತದೆ, ಸ್ವಿಚ್ ಬಿಡುತ್ತದೆ, ಮತ್ತೆ ಎಚ್ಚರಗೊಳ್ಳುತ್ತದೆ. ರಿಲೇ ಟಕಟಕ ಬಡಿದುಕೊಳ್ಳುವ ಸದ್ದು ಕೇಳಿದರೆ ಕಾರಣ ಇದೇ.

ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವ ಆಯ್ಕೆಗಳು ಮೂರು. ಡಬ್ಲ್ಯೂ 1209 ಎಂಬ 12 ವೋಲ್ಟ್ ಮಾಡ್ಯೂಲ್ ಎಲ್ಲಕ್ಕಿಂತ ಅಗ್ಗ, ಇನ್ನೂರು ರೂಪಾಯಿಯ ಆಸುಪಾಸಿನದು. ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳಬೇಕು. ಎಸ್‌ಟಿಸಿ 1000 ಎಂಬುದು ಮೀನಿನ ತೊಟ್ಟಿ, ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್‌ಗಳಿಗೆ ಬಳಸುವ ಸಿದ್ಧ ಪೆಟ್ಟಿಗೆ. ಅದರಲ್ಲಿ 12, 24 ಮತ್ತು 220 ವೋಲ್ಟ್ ಎಂದು ಬೇರೆ ಬೇರೆ ಇವೆ, ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು 220ರದ್ದು. ಮೂರನೆಯದು, ಕಚೇರಿಗಳ ಸೆಂಟ್ರಲ್ ಎಸಿಗೆ ಬಳಸುವ ಡಯಲ್ ಇರುವ ಗೋಡೆಯ ಥರ್ಮೋಸ್ಟಾಟ್. ಅದರಲ್ಲಿ ಹೀಟ್ ಮತ್ತು ಕೂಲ್ ಎರಡೂ ಬಿಂದುಗಳಿದ್ದರೆ ಹೀಟ್ ಬಿಂದುವನ್ನು ಬಳಸಬಹುದು. ಇದಕ್ಕೆ ತನ್ನ ಪಾಲಿನ ಕರೆಂಟೇ ಬೇಡ ಎಂಬ ಕಾರಣಕ್ಕೆ ನನ್ನ ಮೊದಲ ಆಯ್ಕೆ ಇದು. ಸಿಗದಿದ್ದರೆ ಡಬ್ಲ್ಯೂ 1209. ಎಕ್ಸ್‌ಎಚ್ ಡಬ್ಲ್ಯೂ 3001 ಎಂಬ, ನೋಡಲು ಚೆಂದವಾದ ಪುಟ್ಟ ಪೆಟ್ಟಿಗೆಯನ್ನು ತೋರಿಸಿದರೆ ಬೇಡವೆನ್ನಿ. ಅದು ತನ್ನ ಒಳಬರುವ ವೋಲ್ಟೇಜನ್ನೇ ಹೊರಕ್ಕೆ ಕಳಿಸುತ್ತದೆ. 220 ವೋಲ್ಟಿನದಾಗಿದ್ದರೆ ಫರ್ನೇಸ್‌ನ ಬೋರ್ಡ್ ಸುಟ್ಟುಹೋಗುತ್ತದೆ.

ಹಂತ 5: ಕೊಳ್ಳುವಾಗ ಕೌಂಟರಿನಲ್ಲೇ ಪರೀಕ್ಷಿಸಿ

ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳಿಗೆ ಎಸ್‌.ಪಿ. ರಸ್ತೆ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದು ಹೋಗುವುದು ಮೇಲು, ವ್ಯಾನ್ ನಿಲ್ಲಿಸಲು ಅಲ್ಲಿ ಜಾಗ ಹುಡುಕುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳು ತೆರೆದಿರುವುದಿಲ್ಲ. ಗೋಡೆಯ ಥರ್ಮೋಸ್ಟಾಟ್‌ಗಳನ್ನು ಎಸಿ ಬಿಡಿಭಾಗ ಮಾರುವವರಲ್ಲಿ ಕೇಳಿ. ಹಳೆಯ ಕಚೇರಿಗಳಿಂದ ಕಿತ್ತು ತಂದದ್ದು ಗುಜರಿಯಲ್ಲಿ ಸಿಕ್ಕರೂ ತೆಗೆದುಕೊಳ್ಳಬಹುದು, ಮೀಟರ್ ಜೊತೆಗಿರಬೇಕು ಅಷ್ಟೇ.

ಡಯಲ್ ಇರುವುದಾದರೆ ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕಿಟ್ಟು ಎರಡು ಬಿಂದುಗಳಿಗೆ ಮುಟ್ಟಿಸಿ. ಡಯಲನ್ನು ಕೋಣೆಯ ಉಷ್ಣತೆಗಿಂತ ಮೇಲಕ್ಕೆ ತಿರುಗಿಸಿದಾಗ ಬೀಪ್ ಬರಬೇಕು, ಕೆಳಕ್ಕೆ ತಿರುಗಿಸಿದಾಗ ನಿಲ್ಲಬೇಕು. ತದ್ವಿರುದ್ಧವಾದರೆ ನೀವು ಮುಟ್ಟಿದ್ದು ಕೂಲಿಂಗ್ ಬಿಂದು. ಡಬ್ಲ್ಯೂ 1209 ಆದರೆ ಬೋರ್ಡಿನ ಮೇಲೆ 12 ವೋಲ್ಟ್ ಎಂಬ ಗುರುತು, ತುದಿಯಲ್ಲಿ ಲೋಹದ ಟೊಪ್ಪಿಯಿರುವ ಸೆನ್ಸರ್ ತಂತಿ, ಮತ್ತು ರಿಲೇ ಕೂಡಿಸುವ ಕೆ0, ಕೆ1 ಎಂಬ ಬಿಂದುಗಳು ಇವೆಯೇ ನೋಡಿ. ರಿಲೇಯ ಮೇಲೆ ದೊಡ್ಡ ಆಂಪಿಯರ್ ಅಂಕಿ ಬರೆದಿದ್ದರೂ ಅದು ಎಸಿ ಕರೆಂಟಿಗೆ ಹೇಳಿದ್ದಾಗಿರಬಹುದು. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲವಾದ್ದರಿಂದ ಅದೇ ರಿಲೇ ಹೊರುವ ಭಾರ ಕಡಿಮೆ. ಫರ್ನೇಸ್‌ನ ಥರ್ಮೋಸ್ಟಾಟ್ ತಂತಿಗೆ ಸಾಕು, ಫ್ಯಾನಿಗೆ ನೇರವಾಗಿ ಹಾಕಲು ಸಲ್ಲದು.

ಹಂತ 6: ಜೋಡಿಸಿ

ಬ್ಯಾಟರಿಯ ಸಂಪರ್ಕ ತೆಗೆದ ಮೇಲೆ ಕೆಲಸ ಆರಂಭಿಸಿ. ಡಯಲ್ ಇರುವುದಕ್ಕೆ ಎರಡು ತಂತಿ, ಎರಡು ಸ್ಕ್ರೂ, ಮುಗಿಯಿತು. ಯಾವ ತಂತಿ ಯಾವ ಕಡೆ ಎಂಬ ಭೇದವಿಲ್ಲ.

ಡಬ್ಲ್ಯೂ 1209ಗೆ ನಾಲ್ಕು ತಂತಿ ಬೇಕು. ಹೌಸ್ ಬ್ಯಾಟರಿಯಿಂದ 1 ಆಂಪಿಯರ್ ಫ್ಯೂಸ್ ಮೂಲಕ ಧನ ತಂತಿಯನ್ನು 12 ವೋಲ್ಟ್ ಬಿಂದುವಿಗೆ, ಋಣ ತಂತಿಯನ್ನು ಅದರ ಪಕ್ಕದ ಬಿಂದುವಿಗೆ ಕೊಡಿ. ಫರ್ನೇಸ್‌ನ ಎರಡು ತಂತಿಗಳು ಕೆ0 ಮತ್ತು ಕೆ1ಗೆ ಹೋಗಬೇಕು. ಮಾಡ್ಯೂಲ್‌ಗೆ ಬೇಕಾದ ಕರೆಂಟನ್ನು ಫರ್ನೇಸ್‌ನ ತಂತಿಗಳಿಂದಲೇ ತೆಗೆಯಲು ನೋಡಬೇಡಿ. ವೈಫೈ ಥರ್ಮೋಸ್ಟಾಟ್‌ಗೆ ಆದ ಗತಿಯೇ ಇದಕ್ಕೂ ಆಗುತ್ತದೆ. ಧನ ಋಣ ಅದಲುಬದಲಾದರೆ ಮಾಡ್ಯೂಲ್ ಸುಡಬಹುದು.

ಈ ಮಾಡ್ಯೂಲ್ ಸುಮ್ಮನಿದ್ದಾಗಲೂ ಸುಮಾರು 35 ಮಿಲಿಆಂಪಿಯರ್ ಎಳೆಯುತ್ತದೆ. ದಿನಕ್ಕೆ 1 ಆಂಪಿಯರ್ ಅವರ್‌ಗೆ ಹತ್ತಿರ. ವ್ಯಾನ್ ತಿಂಗಳುಗಟ್ಟಲೆ ನಿಂತಿರುವುದಾದರೆ ಧನ ತಂತಿಯಲ್ಲಿ ಒಂದು ಸಣ್ಣ ಸ್ವಿಚ್ ಇರಲಿ.

ಹಂತ 7: ಅಂಕಿಗಳನ್ನು ಹೊಂದಿಸಿ

ಈ ಹಂತ ಡಬ್ಲ್ಯೂ 1209 ಹಾಕಿದವರಿಗೆ. ಅದರ ಸೆಟ್ ಗುಂಡಿಯನ್ನು ಸುಮಾರು ಐದು ಸೆಕೆಂಡು ಒತ್ತಿ ಹಿಡಿದರೆ ಪಿ0 ಕಾಣುತ್ತದೆ. ಅಂಗಡಿಯಿಂದ ಬರುವಾಗ ಅದು ಸಾಮಾನ್ಯವಾಗಿ ಸಿ, ಅಂದರೆ ತಂಪು ಮಾಡುವ ಸ್ಥಿತಿಯಲ್ಲಿರುತ್ತದೆ. ಅದನ್ನು ಎಚ್ ಮಾಡಿ. ‘ಮಾಡ್ಯೂಲ್ ಕೆಟ್ಟದ್ದು ಬಂದಿದೆ’ ಎಂದು ವಾಪಸು ಮಾಡುವವರಲ್ಲಿ ಎಷ್ಟೋ ಮಂದಿ ಇದೊಂದನ್ನು ಬದಲಿಸಿರುವುದಿಲ್ಲ.

ಪಿ1 ಎಂಬುದು ಹತ್ತುವ ಮತ್ತು ಆರುವ ಉಷ್ಣತೆಗಳ ನಡುವಿನ ಅಂತರ. 0.1 ಇಟ್ಟರೆ ನಿಖರವಾಗಿರುತ್ತದೆಂಬ ಆಸೆ ಬೇಡ. ಫರ್ನೇಸ್ ನಿಮಿಷಕ್ಕೊಮ್ಮೆ ಹತ್ತಿ ಆರಿ, ಫ್ಯಾನ್ ಬ್ಯಾಟರಿಯನ್ನು ಬರಿದು ಮಾಡುತ್ತದೆ. 1ರಿಂದ 1.5 ಡಿಗ್ರಿ ಸೂಕ್ತ. ಪಿ2 ಗರಿಷ್ಠ ಮಿತಿ. ಅದನ್ನು 28ಕ್ಕೆ ಇಟ್ಟರೆ ಮಕ್ಕಳು ಗುಂಡಿ ಒತ್ತಿದರೂ ಅದಕ್ಕಿಂತ ಮೇಲೇರದು. ಪಿ5 ಎಂಬುದು ರಿಲೇ ಕೂಡುವ ಮುನ್ನ ಕಾಯುವ ಸಮಯ, ಅದನ್ನು 1 ನಿಮಿಷಕ್ಕೆ ಇಡಿ.

ಪಿ4 ತಿದ್ದುಪಡಿಗೆ. ಒಂದು ಲೋಟಕ್ಕೆ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಬೆರೆಸಿ, ಸೆನ್ಸರಿನ ಲೋಹದ ತುದಿಯನ್ನು ಕೆಲವು ನಿಮಿಷ ಅದ್ದಿ. ಅಂಕಿ 0ಗೆ ಹತ್ತಿರ ಬರಬೇಕು. ವ್ಯತ್ಯಾಸವಿದ್ದಷ್ಟು ಪಿ4ರಲ್ಲಿ ತಿದ್ದಿ.

ಹಂತ 8: ಜಾಗ ಆರಿಸಿ

ಬಿಸಿಗಾಳಿಯ ಕಿಂಡಿ, ಒಲೆ, ಬಾಗಿಲು, ಬಿಸಿಲು ಬೀಳುವ ಕಿಟಕಿ ಇವುಗಳಿಂದ ದೂರ, ಒಳಗೋಡೆಯ ಮೇಲೆ, ಮಲಗುವ ಹಾಸಿಗೆಗಿಂತ ತುಸು ಎತ್ತರದಲ್ಲಿ ಸೆನ್ಸರ್ ಇರಲಿ. ಹೊರಮೈಯ ತಗಡಿಗೆ ತಾಗಿಸಿದರೆ ಅದು ಅಳೆಯುವುದು ಹೊರಗಿನ ಚಳಿಯನ್ನು. ಮಾಡ್ಯೂಲನ್ನು ಒಂದೆಡೆ ಇಟ್ಟು ಸೆನ್ಸರ್ ತಂತಿಯನ್ನು ಉದ್ದ ಮಾಡಿಕೊಳ್ಳಬಹುದು. ಸೆನ್ಸರಿನ ರೋಧ ಸಾವಿರಗಟ್ಟಲೆ ಓಮ್ ಇರುವುದರಿಂದ ಕೆಲವು ಮೀಟರ್ ತಂತಿಯಿಂದ ಲೆಕ್ಕ ಕೆಡುವುದಿಲ್ಲ. ಜೋಡಣೆಗಳನ್ನು ಬೆಸುಗೆ ಹಾಕಿ ಸ್ಲೀವ್ ಹೊದಿಸಿ. ಘಾಟಿಯ ಕುಲುಕಾಟಕ್ಕೆ ಸುತ್ತಿದ ತಂತಿ ನಿಲ್ಲದು.

ಹಂತ 9: ಹೊರಡುವ ಮೊದಲಿನ ಪರೀಕ್ಷೆ ಮತ್ತು ಅಪಾಯದ ಸೂಚನೆಗಳು

ಬೆಂಗಳೂರಿನ ಚಳಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಪಿ2ರ ಮಿತಿಯನ್ನು ತಾತ್ಕಾಲಿಕವಾಗಿ ಏರಿಸಿ, ಗುರಿ ಉಷ್ಣತೆಯನ್ನು ಒಳಗಿನದಕ್ಕಿಂತ ಮೂರು ಡಿಗ್ರಿ ಮೇಲಿಟ್ಟು, ಫರ್ನೇಸ್ ಹತ್ತುವುದನ್ನೂ ಗುರಿ ಮುಟ್ಟಿ ಆರುವುದನ್ನೂ ಹಲವು ಸಲ ನೋಡಿ. ನಿಜವಾದ ಚಳಿಯಲ್ಲಿ ನೋಡಬೇಕೆಂದರೆ ಜನವರಿಯ ಊಟಿ ಸಾಕು. ಅಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುವುದುಂಟು, ಗ್ಯಾಸಿನ ಬಣ್ಣವೂ ಬಯಲಾಗುತ್ತದೆ.

ಆಮೇಲೆ ಸೆನ್ಸರಿನ ಪ್ಲಗ್ ಕಿತ್ತು ನೋಡಿ. ಸೆನ್ಸರ್ ತಂತಿ ಕಡಿದರೆ ಮಾಡ್ಯೂಲ್ ಎಲ್‌ಎಲ್‌ಎಲ್ ಎಂದು ತೋರಿಸುತ್ತದೆ. ಆ ಸ್ಥಿತಿಯಲ್ಲಿ ರಿಲೇ ಬಿಡಬೇಕು. ಬಿಡದೆ ಕೂಡಿಕೊಂಡೇ ಇದ್ದರೆ, ತಂತಿ ಕಡಿದ ರಾತ್ರಿ ನಿಮ್ಮ ಫರ್ನೇಸ್ ಬೆಳಗಿನವರೆಗೆ ಉರಿಯುತ್ತದೆ. ಅಂಥ ಮಾಡ್ಯೂಲನ್ನು ಮಲಗುವ ವಾಹನದಲ್ಲಿ ಬಳಸಬೇಡಿ.

ಗುರಿ ದಾಟಿದರೂ ಉರಿ ಆರದಿದ್ದರೆ ರಿಲೇಯ ಬಿಂದುಗಳು ಅಂಟಿಕೊಂಡಿರಬಹುದು. ಕಡಿಮೆ ಬೆಲೆಯ ರಿಲೇಗಳ ಸಾಮಾನ್ಯ ಕೊನೆ ಇದು. ತಂತಿಯೊಂದನ್ನು ಕಳಚಿ ಆರಿಸಿ, ಮಾಡ್ಯೂಲ್ ಬದಲಿಸಿ. ಪಿ1 ಸರಿಯಿದ್ದೂ ಫರ್ನೇಸ್ ಪದೇ ಪದೇ ಹತ್ತಿ ಆರುತ್ತಿದ್ದರೆ ಸೆನ್ಸರ್ ಬಿಸಿಗಾಳಿಯ ದಾರಿಯಲ್ಲಿರಬಹುದು. ಹೊಗೆಯ ಕಿಂಡಿಯ ಸುತ್ತ ಮಸಿ, ಹಳದಿ ಉರಿ, ತಲೆನೋವು, ಅಲಾರ್ಮ್ ಇವುಗಳಲ್ಲಿ ಯಾವುದು ಕಂಡರೂ ಥರ್ಮೋಸ್ಟಾಟ್‌ನ ಚಿಂತೆ ಬಿಟ್ಟು, ಫರ್ನೇಸ್ ಆರಿಸಿ ಎಲ್ಲರೂ ಹೊರಗೆ ಬನ್ನಿ. ಎತ್ತರದ ಜಾಗಗಳಲ್ಲಿ ಗಾಳಿ ತೆಳುವಾಗಿ ದಹನ ಅಪೂರ್ಣವಾಗುವುದರಿಂದ ಈ ಸೂಚನೆಗಳು ಅಲ್ಲಿ ಹೆಚ್ಚು.

ದೂರದ ಪ್ರಯಾಣಕ್ಕೆ ಇನ್ನೊಂದು ಮಾಡ್ಯೂಲ್, ಎರಡು ಫ್ಯೂಸ್ ಮತ್ತು ಹಂತ 2ರ ಆ ಗೇಣುದ್ದದ ತಂತಿಯನ್ನು ಒಂದೇ ಡಬ್ಬಿಯಲ್ಲಿಟ್ಟುಕೊಳ್ಳಿ. ಥರ್ಮೋಸ್ಟಾಟ್ ಕೈಕೊಟ್ಟರೆ ತಂತಿ ಕೂಡಿಸಿ ವ್ಯಾನ್ ಬೆಚ್ಚಗೆ ಮಾಡಿಕೊಳ್ಳಬಹುದು, ಆದರೆ ಒಬ್ಬರಾದರೂ ಎಚ್ಚರವಿರುವಷ್ಟು ಹೊತ್ತು ಮಾತ್ರ. ಮಲಗುವ ಮುನ್ನ ಅದನ್ನು ತೆಗೆದಿಡಬೇಕು.